ಅಂಬಾರಿಯ ಮುಂದಿನ ಸರದಿ ಯಾರದು? ಬಿಎಫ್‌ಸಿಯ ಕೋಚ್‌ಗಳು ಮತ್ತು ಚೆಟ್ರಿ ನಂತರದ ತಂಡ

2025ರ ಏಪ್ರಿಲ್ 12ರ ರಾತ್ರಿ ಮಂಡ್ಯದ ಅಕ್ಕನ ಮನೆಯಲ್ಲಿ ಟಿ.ವಿ. ಮುಂದೆ ಕುಳಿತಿದ್ದ ನಮಗೆ 72ನೇ ನಿಮಿಷದವರೆಗೂ ಕಪ್ ಈ ಸಲ ಬೆಂಗಳೂರಿಗೇ ಎಂಬ ಧೈರ್ಯವಿತ್ತು. ಕೋಲ್ಕತ್ತದ ಸಾಲ್ಟ್ ಲೇಕ್ ಕ್ರೀಡಾಂಗಣದಲ್ಲಿ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಫುಟ್‌ಬಾಲ್ ಫೈನಲ್ ನಡೆಯುತ್ತಿತ್ತು. ವಿರಾಮ ಮುಗಿದ ಸ್ವಲ್ಪ ಹೊತ್ತಿಗೇ ಮೋಹನ್ ಬಾಗನ್‌ನ ಆಲ್ಬರ್ಟೊ ರಾಡ್ರಿಗಸ್ ಚೆಂಡನ್ನು ತಮ್ಮದೇ ಗೋಲಿನೊಳಗೆ ತಳ್ಳಿದ್ದರು. ಆ ಉಡುಗೊರೆ ಗೋಲಿನಿಂದ ಸಿಕ್ಕ ಮುನ್ನಡೆಯನ್ನು ಬೆಂಗಳೂರು ಎಫ್‌ಸಿ (ಬಿಎಫ್‌ಸಿ) ಚೆನ್ನಾಗಿಯೇ ಕಾಯುತ್ತಿತ್ತು. ಆಮೇಲೆ ಪೆನಾಲ್ಟಿ ಬಂತು, ಜೇಸನ್ ಕಮಿಂಗ್ಸ್ ಸಮ ಮಾಡಿದರು. ಹೆಚ್ಚುವರಿ ಅವಧಿ ಶುರುವಾಗಿ ಆರು ನಿಮಿಷ ಕಳೆಯುವಷ್ಟರಲ್ಲಿ ಜೇಮಿ ಮೆಕ್ಲಾರೆನ್ ಗೋಲು ಹೊಡೆದು ಮುಗಿಸಿದರು. 2–1. ಅಕ್ಕನ ಮಗ ಬಹಳ ಹೊತ್ತು ಸುಮ್ಮನಿದ್ದು ಕೊನೆಗೆ ಕೇಳಿದ: ‘ಮಾವ, ಆಗಸ್ಟಿಗೆ ಚೆಟ್ರಿಗೆ 41 ತುಂಬುತ್ತದೆ. ಆಮೇಲೆ ನಮಗೆ ಗೋಲು ಹೊಡೆಯುವವರು ಯಾರು?’

2025ರ ಆಗಸ್ಟ್ ಬಂತು, ಸುನಿಲ್ ಚೆಟ್ರಿಗೆ 41 ತುಂಬಿತು; ಇಲ್ಲಿ ಬರೆದಿರುವುದೆಲ್ಲ ಆ ತಿಂಗಳ ಹೊತ್ತಿನ ಮಾತು. ಹುಡುಗನ ಪ್ರಶ್ನೆ ಹಾಗೇ ಇತ್ತು. ಅದರ ಮೇಲೆ ಇನ್ನೂ ದೊಡ್ಡದೊಂದು ಪ್ರಶ್ನೆ ಬಂದು ಕುಳಿತಿತ್ತು: ಲೀಗ್ ನಡೆಯುತ್ತದೆಯೇ?

ಮೊದಲು ಅದನ್ನು ಹೇಳಿ ಮುಗಿಸುತ್ತೇನೆ. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ 2010ರಲ್ಲಿ ಮಾಡಿಕೊಂಡ 15 ವರ್ಷಗಳ ವಾಣಿಜ್ಯ ಒಪ್ಪಂದ 2025ರ ಡಿಸೆಂಬರ್ 8ಕ್ಕೆ ಮುಗಿಯುವುದಿತ್ತು. ಐಎಸ್‌ಎಲ್ ನಡೆಸುತ್ತಿದ್ದ ಎಫ್‌ಎಸ್‌ಡಿಎಲ್ ಸಂಸ್ಥೆಗೆ ಹಕ್ಕು ಬಂದಿದ್ದುದು ಅದೇ ಒಪ್ಪಂದದಿಂದ. ಅದು ನವೀಕರಣವಾಗಿರಲಿಲ್ಲ. ಫೆಡರೇಷನ್ನಿನ ಸಂವಿಧಾನದ ಪ್ರಕರಣ ಆಗ ಸುಪ್ರೀಂ ಕೋರ್ಟಿನಲ್ಲಿತ್ತು, ತೀರ್ಪು ಬರುವವರೆಗೆ ಹೊಸ ಮಾತುಕತೆಗೂ ತಡೆಯಿತ್ತು. ಡಿಸೆಂಬರ್ ನಂತರ ತನ್ನ ಕೈಯಲ್ಲಿ ಹಕ್ಕೇ ಇಲ್ಲದಿದ್ದರೆ ಟೂರ್ನಿ ಆರಂಭಿಸುವುದು ಹೇಗೆ ಎಂದು ಎಫ್‌ಎಸ್‌ಡಿಎಲ್ ಜುಲೈ 11ರಂದು 2025–26ರ ಋತುವನ್ನೇ ತಡೆಹಿಡಿಯಿತು. ಆಗಸ್ಟ್ ಮೊದಲ ವಾರದಲ್ಲಿ ಬಿಎಫ್‌ಸಿ ತನ್ನ ಹಿರಿಯರ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲ ನಿಲ್ಲಿಸಿರುವುದಾಗಿ ಪ್ರಕಟಿಸಿತು. ಮೊದಲು ಸೂಪರ್ ಕಪ್ ನಡೆಸಿ, ಲೀಗ್ ಆಮೇಲೆ ನೋಡೋಣ ಎಂಬುದು ಆಗ ಫೆಡರೇಷನ್ ನೀಡಿದ್ದ ಭರವಸೆ. ಭಾರತದಲ್ಲಿ ವ್ಯವಸ್ಥಿತವಾಗಿ ನಡೆಯುತ್ತಿದ್ದ ಕೆಲವೇ ಕ್ಲಬ್‌ಗಳಲ್ಲಿ ಒಂದಾದ ಬಿಎಫ್‌ಸಿಯೇ ಸಂಬಳ ನಿಲ್ಲಿಸುವ ಸ್ಥಿತಿಗೆ ಬಂದದ್ದು ನನಗೆ ನೋವಿನ ಸಂಗತಿ. ಆಟಗಾರರ ಮನೆಯ ಬಾಡಿಗೆ, ಮಕ್ಕಳ ಶಾಲೆಯ ಶುಲ್ಕ ಕೋರ್ಟಿನ ತೀರ್ಪಿಗೆ ಕಾಯುವುದಿಲ್ಲ.

ಆದರೆ ಲೀಗ್ ಯಾವತ್ತೋ ಒಂದು ದಿನ ಶುರುವಾಗಲೇಬೇಕಿತ್ತು. ಶುರುವಾದಾಗ ತಂಡ ಹೇಗಿರುತ್ತದೆ ಎಂಬುದು ಆ ಬಿಡುವಿನಲ್ಲಿ ತೀರ್ಮಾನವಾಗಬೇಕಿದ್ದ ಸಂಗತಿ. ಅದಕ್ಕಾಗಿ ಹನ್ನೆರಡು ವರ್ಷಗಳಲ್ಲಿ ಈ ಕ್ಲಬ್ ಕೋಚ್‌ಗಳನ್ನು ಹೇಗೆ ಆರಿಸಿದೆ ಎಂಬುದನ್ನು ಹಿಂದಿರುಗಿ ನೋಡಬೇಕು.

ಬಿಎಫ್‌ಸಿ ಹುಟ್ಟಿದ್ದು 2013ರಲ್ಲಿ. ಮೊದಲ ಕೋಚ್ ಇಂಗ್ಲೆಂಡಿನ ಆ್ಯಶ್ಲಿ ವೆಸ್ಟ್‌ವುಡ್. ಕಾಲಿಟ್ಟ ವರ್ಷವೇ, ಅಂದರೆ 2013–14ರಲ್ಲಿ, ಆಗಿನ ಅಗ್ರ ರಾಷ್ಟ್ರೀಯ ಲೀಗ್ ಆಗಿದ್ದ ಐ-ಲೀಗ್ ಗೆದ್ದು ಇಡೀ ದೇಶ ತಿರುಗಿ ನೋಡುವಂತೆ ಮಾಡಿದರು. ನಂತರ ಫೆಡರೇಷನ್ ಕಪ್, 2015–16ರಲ್ಲಿ ಮತ್ತೆ ಐ-ಲೀಗ್. 2016ರಲ್ಲಿ ಅವರ ಜಾಗಕ್ಕೆ ಸ್ಪೇನ್‌ನ ಆಲ್ಬರ್ಟ್ ರೋಕಾ ಬಂದರು. ಬಾರ್ಸಿಲೋನಾದಲ್ಲಿ ಫ್ರಾಂಕ್ ರೈಕಾರ್ಡ್ ಅವರಿಗೆ ಸಹಾಯಕರಾಗಿದ್ದವರು. ಬಂದ ನಾಲ್ಕೇ ತಿಂಗಳಲ್ಲಿ ತಂಡ ಏಷ್ಯಾದ ಕ್ಲಬ್‌ಗಳ ಟೂರ್ನಿಯಾದ ಎಎಫ್‌ಸಿ ಕಪ್ ಫೈನಲ್ ತಲುಪಿತು. ದೋಹಾದಲ್ಲಿ ಇರಾಕಿನ ಅಲ್ ಕುವಾ ಅಲ್ ಜಾವಿಯಾ ಎದುರು 1–0ಯಿಂದ ಸೋತರೂ, ಭಾರತದ ಕ್ಲಬ್ ಒಂದು ಆ ಫೈನಲ್‌ನಲ್ಲಿ ಆಡಿದ್ದು ಅದೇ ಮೊದಲು. 2017–18ರಲ್ಲಿ ಐಎಸ್‌ಎಲ್‌ಗೆ ಸೇರಿದ ಮೊದಲ ಋತುವಿನಲ್ಲಿ 18 ಪಂದ್ಯಗಳಿಂದ 40 ಪಾಯಿಂಟ್ಸ್ ಗಳಿಸಿ ಪಟ್ಟಿಯ ತುದಿಯಲ್ಲಿ ನಿಂತಿತು. ಫೈನಲ್ ಮಾತ್ರ ನಮ್ಮದೇ ಕಂಠೀರವದಲ್ಲಿ ಚೆನ್ನೈಯಿನ್ ಎದುರು 3–2ರಿಂದ ಕೈತಪ್ಪಿತು. ಆ ರಾತ್ರಿ ಬೆಂಗಳೂರಿನಿಂದ ಮೈಸೂರಿಗೆ ಬಸ್ಸಿನಲ್ಲಿ ಬಂದ ನೂರ ನಲವತ್ತು ಕಿಲೊಮೀಟರ್ ನನ್ನ ಜೀವನದ ಅತ್ಯಂತ ಉದ್ದದ ದಾರಿ.

ರೋಕಾ ಹೊರಟರು. ಆಗ ಕ್ಲಬ್ ಮಾಡಿದ ನಿರ್ಧಾರವೇ ನನ್ನ ದೃಷ್ಟಿಯಲ್ಲಿ ಅದರ ಚರಿತ್ರೆಯ ಅತ್ಯುತ್ತಮ ನಿರ್ಧಾರ. ಹೊರಗೆ ದೊಡ್ಡ ಹೆಸರನ್ನು ಹುಡುಕಲಿಲ್ಲ. ರೋಕಾ ಅವರ ಪಕ್ಕದಲ್ಲೇ ಕುಳಿತಿದ್ದ ಸಹಾಯಕ ಕಾರ್ಲೆಸ್ ಕ್ವಾದ್ರಾತ್ ಅವರನ್ನು ಕೋಚ್ ಮಾಡಿತು. ಅವರಿಗೆ ಗೋಲ್‌ಕೀಪರ್ ಗುರ್‌ಪ್ರೀತ್ ಸಿಂಗ್ ಸಂಧು ಎಲ್ಲಿ ನಿಂತರೆ ಚೆಂಡನ್ನು ಎತ್ತ ಎಸೆಯುತ್ತಾರೆ ಎಂದು ಗೊತ್ತಿತ್ತು. ಉದಾಂತ ಸಿಂಗ್ ಯಾವ ಕ್ಷಣದಲ್ಲಿ ಓಟ ಕೀಳುತ್ತಾರೆ, ಮಿಕು ಮತ್ತು ಚೆಟ್ರಿ ಜಾಗ ಅದಲು ಬದಲು ಮಾಡಿಕೊಳ್ಳುವುದು ಯಾವಾಗ ಎನ್ನುವುದೂ ಗೊತ್ತಿತ್ತು. ಹೊಸ ಕೋಚ್ ಬಂದಾಗ ಆಟಗಾರರು ಮೊದಲ ಎರಡು ತಿಂಗಳು ಕಳೆಯುವುದು ಹೊಸಬರ ಭಾಷೆ ಕಲಿಯುವುದರಲ್ಲಿ. ಇಲ್ಲಿ ಆ ಎರಡು ತಿಂಗಳು ಉಳಿಯಿತು. 2019ರ ಮಾರ್ಚ್ 17ರಂದು ಮುಂಬೈನಲ್ಲಿ ಗೋವಾ ಎದುರಿನ ಫೈನಲ್ ಹೆಚ್ಚುವರಿ ಅವಧಿಗೆ ಹೋಯಿತು. 117ನೇ ನಿಮಿಷದಲ್ಲಿ ಮೂಲೆಯೊದೆತಕ್ಕೆ ರಾಹುಲ್ ಭೆಕೆ ತಲೆಕೊಟ್ಟರು. 2025ರವರೆಗೆ ಬಿಎಫ್‌ಸಿ ಗೆದ್ದಿದ್ದ ಏಕೈಕ ಐಎಸ್‌ಎಲ್ ಕಪ್ ಅದು.

ಅಲ್ಲಿಂದ ಮುಂದಿನದು ಇಳಿಜಾರು. 2021ರ ಜನವರಿಯಲ್ಲಿ, ಕೋವಿಡ್ ಕಾರಣಕ್ಕೆ ಇಡೀ ಲೀಗ್ ಗೋವಾದಲ್ಲಿ ಬಾಗಿಲು ಮುಚ್ಚಿಕೊಂಡು ನಡೆಯುತ್ತಿದ್ದಾಗ, ಕ್ವಾದ್ರಾತ್ ಅವರನ್ನು ಋತುವಿನ ನಡುವೆ ಬಿಟ್ಟುಕೊಟ್ಟರು. ನೌಷಾದ್ ಮೂಸಾ ತಾತ್ಕಾಲಿಕವಾಗಿ ಹೊಣೆ ಹೊತ್ತರು, ತಂಡ ಏಳನೆಯ ಸ್ಥಾನಕ್ಕೆ ನಿಂತಿತು. ಮಾರ್ಕೊ ಪೆಜ್ಜಾಯುವೊಲಿ ಬಂದರು, ಆರನೆಯ ಸ್ಥಾನ. 2022ರಲ್ಲಿ ಇಂಗ್ಲೆಂಡಿನ ಸೈಮನ್ ಗ್ರೇಸನ್.

ಗ್ರೇಸನ್ ಅವರನ್ನು ಬರೀ ಸೋಲಿನ ಲೆಕ್ಕದಲ್ಲಿ ನೆನೆಯುವುದು ಅನ್ಯಾಯ. ಬಂದ ಕೂಡಲೇ ಡ್ಯೂರಾಂಡ್ ಕಪ್ ಗೆಲ್ಲಿಸಿದರು. ಲೀಗ್‌ನಲ್ಲಿ ಆರಂಭ ಕೆಟ್ಟದಾಗಿತ್ತು, ನಮ್ಮಲ್ಲಿ ಹಲವರು ಆಸೆ ಬಿಟ್ಟಿದ್ದೆವು. ಆಮೇಲೆ ಕೊನೆಯ ಎಂಟು ಪಂದ್ಯಗಳನ್ನು ಸತತವಾಗಿ ಗೆದ್ದು ನಾಲ್ಕನೆಯ ಸ್ಥಾನಕ್ಕೇರಿದರು. ಫೈನಲ್‌ನಲ್ಲಿ ಮೋಹನ್ ಬಾಗನ್ ಎದುರು 2–2, ಪೆನಾಲ್ಟಿ ಶೂಟೌಟ್‌ನಲ್ಲಿ ಸೋಲು. ಆ ಎಂಟು ಗೆಲುವುಗಳಲ್ಲಿ ಶಿವಶಕ್ತಿ ನಾರಾಯಣನ್ ಎಂಬ ಹುಡುಗನ ಕಾಲುಗಳಲ್ಲಿ ಕಂಡ ಹುರುಪು ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಮುಂದಿನ ಋತುವಿನಲ್ಲಿ ಅದೇ ಗ್ರೇಸನ್ ತಂಡ ಮುಗ್ಗರಿಸಿತು. 2023ರ ಡಿಸೆಂಬರ್‌ನಲ್ಲಿ ಅವರನ್ನೂ ಋತುವಿನ ಮಧ್ಯೆಯೇ ಕೈಬಿಟ್ಟರು. ಹನ್ನೆರಡು ತಂಡಗಳ ಪಟ್ಟಿಯಲ್ಲಿ ಬಿಎಫ್‌ಸಿ ಹತ್ತನೆಯದಾಗಿ ಮುಗಿಸಿತು. ಅದಕ್ಕಿಂತ ಕೆಳಗೆ ಈ ಕ್ಲಬ್ ಹಿಂದೆಂದೂ ಇಳಿದಿರಲಿಲ್ಲ.

ಎರಡು ಬಾರಿ ನಡುಹಾದಿಯಲ್ಲಿ ಕೋಚ್ ಬದಲಾವಣೆ. ಎರಡೂ ಬಾರಿ ಆ ಋತು ಕೈಬಿಟ್ಟುಹೋಯಿತು. ಇದರಿಂದ ಕೋಚ್ ಬದಲಿಸಲೇಬಾರದು ಎಂದು ನಾನು ಹೇಳುತ್ತಿಲ್ಲ. ತಂಡ ಆಗಲೇ ಮುಳುಗುತ್ತಿತ್ತು ಎನ್ನುವವರ ಮಾತಿನಲ್ಲೂ ಹುರುಳಿದೆ. ಆದರೆ ನಟ್ಟನಡುವೆ ಬಂದವರು ತಮ್ಮ ಆಟಗಾರರನ್ನು ತಾವು ಆರಿಸಿರುವುದಿಲ್ಲ, ಪೂರ್ವಸಿದ್ಧತಾ ಶಿಬಿರ ನಡೆಸಿರುವುದಿಲ್ಲ. ಮೂರು ದಿನಕ್ಕೊಂದು ಪಂದ್ಯ ಬರುವಾಗ ಮೈದಾನದಲ್ಲಿ ಹೊಸದೇನನ್ನೂ ಕಲಿಸಲು ಸಮಯ ಸಿಗುವುದಿಲ್ಲ. ನಾಟಿ ಮುಗಿದ ಗದ್ದೆಗೆ ಬಂದು ತಳಿ ಬದಲಿಸುತ್ತೇನೆ ಎಂದರೆ ಮಂಡ್ಯದ ಯಾವ ರೈತರೂ ಒಪ್ಪುವುದಿಲ್ಲ.

ಇಲ್ಲಿಂದ ಜೆರಾರ್ಡ್ ಝರಗೋಜಾ ಅವರ ಕಥೆ. 2023ರ ಡಿಸೆಂಬರ್‌ನಲ್ಲಿ ಬಂದ ಅವರನ್ನು ಹಲವರು ಹೊಸಬರೆಂದುಕೊಂಡರು. ಆದರೆ 2018–19ರಲ್ಲಿ ಕಪ್ ಗೆದ್ದಾಗ ಕ್ವಾದ್ರಾತ್ ಅವರ ಸಹಾಯಕರಾಗಿ ಬೆಂಚಿನಲ್ಲಿದ್ದವರು ಇವರೇ. ರೋಕಾ, ಕ್ವಾದ್ರಾತ್, ಝರಗೋಜಾ: ಒಂದೇ ಗರಡಿ. ಮೊದಲ ಅರ್ಧ ಋತುವಿನಲ್ಲಿ ಅವರಿಂದಲೂ ತಂಡವನ್ನು ಮೇಲೆತ್ತಲಾಗಲಿಲ್ಲ. ಆದರೆ ಬೇಸಿಗೆಯ ಬಿಡುವು ಸಿಕ್ಕಿತು, ತಮಗೆ ಬೇಕಾದವರನ್ನು ಕರೆತರಲು ಅವಕಾಶ ಸಿಕ್ಕಿತು. ಮಧ್ಯದಲ್ಲಿ ಆಲ್ಬರ್ಟೊ ನೊಗುವೆರಾ ಮತ್ತು ಪೆಡ್ರೊ ಕಾಪೊ, ಮುಂದೆ ಎಡ್ಗರ್ ಮೆಂಡೆಜ್ ಮತ್ತು ಜಾರ್ಜ್ ಪೆರೇರಾ ಡಿಯಾಜ್ ಬಂದರು. ರಾಹುಲ್ ಭೆಕೆ ಮನೆಗೆ ಮರಳಿದರು.

2024–25ರ ಮೊದಲ ಪಂದ್ಯದಲ್ಲಿ ಈಸ್ಟ್ ಬೆಂಗಾಲ್ ಎದುರು ಏಕೈಕ ಗೋಲು ಹೊಡೆದದ್ದು ಕ್ಲಬ್ಬಿನ ಯುವ ತಂಡದಿಂದ ಬಂದ ವಿನೀತ್ ವೆಂಕಟೇಶ್. ಅದೇ ತಿಂಗಳು ಕಂಠೀರವದಲ್ಲಿ ಮೋಹನ್ ಬಾಗನ್‌ಗೆ 3–0 ಪೆಟ್ಟು. ಚೆಂಡು ಕಳೆದುಕೊಂಡ ಜಾಗದಲ್ಲೇ ಅದನ್ನು ಮರಳಿ ಕಿತ್ತುಕೊಳ್ಳಲು ಮೇಲೆರಗುವ ಆಟ, ಗೋಲ್‌ಕೀಪರ್‌ನಿಂದಲೇ ಪಾಸು ಕಟ್ಟುತ್ತಾ ಏರುವ ಆಟ. ಹತ್ತನೆಯ ಸ್ಥಾನದಲ್ಲಿದ್ದ ತಂಡ 38 ಪಾಯಿಂಟ್ಸ್‌ನೊಂದಿಗೆ ಮೂರನೆಯ ಸ್ಥಾನಕ್ಕೆ ಬಂದು, ಫೈನಲ್‌ವರೆಗೆ ಹೋಯಿತು. ಕೋಚ್‌ಗೆ ಒಂದು ಬೇಸಿಗೆ ಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ಹಾಗೆಂದು ಎಲ್ಲವೂ ಸರಿಯಾಗಿತ್ತು ಎನ್ನುವಂತಿಲ್ಲ. ಲೀಗ್ ಪಟ್ಟಿಯಲ್ಲಿ ಮೋಹನ್ ಬಾಗನ್ 56 ಪಾಯಿಂಟ್ಸ್ ಗಳಿಸಿತ್ತು, ನಮಗಿಂತ 18 ಹೆಚ್ಚು. ಜನವರಿಯಲ್ಲಿ ಕಂಠೀರವಕ್ಕೆ ಬಂದ ಮೊಹಮ್ಮಡನ್ ತಂಡ 1–0ಯಿಂದ ಗೆದ್ದುಹೋಯಿತು, ಋತು ಮುಗಿದಾಗ ಪಟ್ಟಿಯ ತಳದಲ್ಲಿದ್ದ ತಂಡ ಅದು! ಎದುರಾಳಿ ಮುಂದೆ ಬಂದು ಆಡಿದರೆ ಬಿಎಫ್‌ಸಿ ಸೊಗಸಾಗಿ ಆಡುತ್ತದೆ. ಹಿಂದೆ ಕುಳಿತು ಬಾಗಿಲು ಹಾಕಿಕೊಂಡರೆ ಚೆಂಡು ಅತ್ತಿಂದಿತ್ತ ಓಡಾಡುತ್ತದೆ, ಗೋಲು ಮಾತ್ರ ಹುಟ್ಟುವುದಿಲ್ಲ. ಝರಗೋಜಾ ಅವರ ಪದ್ಧತಿಯ ದೊಡ್ಡ ಕೊರತೆ ನನಗೆ ಕಾಣುವುದು ಇಲ್ಲೇ. ಆ ಬಾಗಿಲು ತೆರೆಯಲು ಅವರು ಮತ್ತೆ ಮತ್ತೆ ಕರೆದದ್ದು ಒಬ್ಬರನ್ನೇ.

ಅವರು ಚೆಟ್ರಿ. ಹಿಂದಿನ ಋತುವಿನಲ್ಲಿ ಅವರು ಹೊಡೆದ ಗೋಲುಗಳು 14, ಇಡೀ ಲೀಗ್‌ನಲ್ಲಿ ಭಾರತೀಯ ಆಟಗಾರರ ಪೈಕಿ ಅತಿ ಹೆಚ್ಚು. ಡಿಸೆಂಬರ್ 7ರಂದು ಕೇರಳ ಬ್ಲಾಸ್ಟರ್ಸ್ ಎದುರು ಹ್ಯಾಟ್ರಿಕ್ ಹೊಡೆದಾಗ ಅವರ ವಯಸ್ಸು 40 ವರ್ಷ 126 ದಿನ; ಐಎಸ್‌ಎಲ್‌ನಲ್ಲಿ ಅಷ್ಟು ವಯಸ್ಸಿನಲ್ಲಿ ಹ್ಯಾಟ್ರಿಕ್ ಹೊಡೆದವರು ಬೇರೆ ಇರಲಿಲ್ಲ. ಗೋವಾದಲ್ಲಿ ನಡೆದ ಸೆಮಿಫೈನಲ್‌ನ ಎರಡನೆಯ ಪಂದ್ಯದಲ್ಲಿ ತಂಡ 2–0ಯಿಂದ ಹಿಂದೆ ಬಿದ್ದು, ಒಟ್ಟು ಲೆಕ್ಕ ಸಮವಾಗಿದ್ದಾಗ, ಬದಲಿ ಆಟಗಾರರಾಗಿ ಇಳಿದು ಗಾಯಾಳು ಅವಧಿಯಲ್ಲಿ ತಲೆಯಿಂದ ಗೋಲು ಹೊಡೆದು ಫೈನಲ್‌ಗೆ ಕರೆದೊಯ್ದರು. ಆ ಗೋಲು ಬಿದ್ದಾಗ ಮೈಸೂರಿನ ನಮ್ಮ ಬೀದಿಯಲ್ಲಿ ಮೂರು ಮನೆಗಳಿಂದ ಏಕಕಾಲಕ್ಕೆ ಕೂಗು ಕೇಳಿಸಿತು. ಕ್ರಿಕೆಟ್ ಇಲ್ಲದ ರಾತ್ರಿ ಮೂರು ಮನೆ ಎಂದರೆ ನಮ್ಮಲ್ಲಿ ಸಣ್ಣ ಸಂಖ್ಯೆ ಅಲ್ಲ.

ಝರಗೋಜಾ ಅವರನ್ನು ಒಂದು ವಿಷಯಕ್ಕೆ ಮೆಚ್ಚಲೇಬೇಕು. ಇಂಥ ಆಟಗಾರರನ್ನು ಬೆಂಚಿನಲ್ಲಿ ಕೂರಿಸುವುದು ಸುಲಭವಲ್ಲ. ಹಿಂದಿನ ಹೆಚ್ಚಿನ ಕೋಚ್‌ಗಳಿಗೆ ಚೆಟ್ರಿಯಿಂದಲೇ ಪಟ್ಟಿ ಶುರುವಾಗುತ್ತಿತ್ತು. ಇವರು ಅನೇಕ ಪಂದ್ಯಗಳಲ್ಲಿ ಮೊದಲ ಒಂದು ಗಂಟೆ ಎದುರಾಳಿ ಡಿಫೆಂಡರ್‌ಗಳನ್ನು ಓಡಿಸಿ ದಣಿಸಲು ಬೇರೆಯವರನ್ನು ಬಳಸಿ, ಕೊನೆಯ ಅರ್ಧ ಗಂಟೆಗೆ ಚೆಟ್ರಿಯನ್ನು ಉಳಿಸಿಕೊಂಡರು. ನಲವತ್ತರ ಕಾಲುಗಳಿಗೆ ಸಿಕ್ಕ ಆ ವಿಶ್ರಾಂತಿಗೂ 14 ಗೋಲುಗಳಿಗೂ ಸಂಬಂಧವಿದೆ ಎಂಬುದು ನನ್ನ ಬಲವಾದ ಅಭಿಪ್ರಾಯ. ಆದರೂ ಇದು ಚೆಟ್ರಿಯನ್ನು ಇನ್ನಷ್ಟು ದಿನ ಉಳಿಸಿಕೊಳ್ಳುವ ಉಪಾಯ. ಚೆಟ್ರಿಯ ನಂತರದ ತಂಡವನ್ನು ಕಟ್ಟುವ ಕೆಲಸ ಇದರಿಂದ ಆಗುವುದಿಲ್ಲ. ರಾಷ್ಟ್ರೀಯ ತಂಡವೂ ಇದೇ ಗುಂಡಿಗೆ ಬಿದ್ದಿತು. 2024ರ ಜೂನ್‌ನಲ್ಲಿ ಕೋಲ್ಕತ್ತದಲ್ಲಿ ವಿದಾಯ ಹೇಳಿದ್ದವರನ್ನು 2025ರ ಮಾರ್ಚ್‌ನಲ್ಲಿ ವಾಪಸ್ ಕರೆದರು, ಏಕೆಂದರೆ ಅವರ ಜಾಗದಲ್ಲಿ ಗೋಲು ಹೊಡೆಯುವವರೇ ಸಿಕ್ಕಿರಲಿಲ್ಲ.

ಈ ವಿಷಯದಲ್ಲಿ ನಮ್ಮ ಊರಿನ ಆನೆಗಳಿಂದ ಕಲಿಯುವುದಿದೆ. 2025ರ ಆಗಸ್ಟ್ ಆರಂಭದಲ್ಲಿ ವೀರನಹೊಸಹಳ್ಳಿಯಿಂದ ಹೊರಟ ದಸರಾ ಆನೆಗಳು ಅರಮನೆಯ ಅಂಗಳ ಸೇರಿದವು. ಆ ವರ್ಷದ ಅಕ್ಟೋಬರ್ 2ರ ಜಂಬೂಸವಾರಿಯಲ್ಲಿ 750 ಕಿಲೊ ತೂಕದ ಚಿನ್ನದ ಅಂಬಾರಿಯನ್ನು ಹೊರಬೇಕಿದ್ದವನು ಅಭಿಮನ್ಯು. 1999ರಿಂದ 2011ರವರೆಗೆ ಬಲರಾಮ, 2012ರಿಂದ 2019ರವರೆಗೆ ಅರ್ಜುನ, 2020ರಿಂದ ಅಭಿಮನ್ಯು. ಅರ್ಜುನನಿಗೆ ವಯಸ್ಸಾಯಿತು ಎಂದು ಗೊತ್ತಾದ ದಿನ ಯಾರೂ ಕಾಡಿಗೆ ಓಡಿ ಹೊಸ ಆನೆ ಹುಡುಕಲಿಲ್ಲ. ಅಭಿಮನ್ಯು ಅದಾಗಲೇ ಎಷ್ಟೋ ವರ್ಷ ಅದೇ ಮೆರವಣಿಗೆಯಲ್ಲಿ ವಾದ್ಯದವರ ಗಾಡಿ ಎಳೆದು, ಜನರ ಗದ್ದಲಕ್ಕೆ ಕಿವಿ ಪಳಗಿಸಿಕೊಂಡಿದ್ದ. ಇವತ್ತೂ ತಾಲೀಮಿನಲ್ಲಿ ಮರಳಿನ ಮೂಟೆ, ಆಮೇಲೆ ಮರದ ಅಂಬಾರಿ ಹೊರುವುದು ಅವನೊಬ್ಬನೇ ಅಲ್ಲ. ಬೇರೆ ಆನೆಗಳ ಬೆನ್ನಿನ ಮೇಲೂ ಸರದಿಯಂತೆ ಭಾರ ಏರಿಸುತ್ತಾರೆ. ಮಾವುತರು, ಕಾವಾಡಿಗಳು ಮುಂದಿನ ಹತ್ತು ವರ್ಷವನ್ನು ಇಂದೇ ಅಭ್ಯಾಸ ಮಾಡಿಸುತ್ತಿರುತ್ತಾರೆ.

ಬಿಎಫ್‌ಸಿ ಕೋಚ್ ಹುದ್ದೆಯ ವಿಚಾರದಲ್ಲಿ ಒಮ್ಮೆ ಈ ವಿವೇಕ ತೋರಿಸಿತು, 2018ರಲ್ಲಿ. ಚೆಟ್ರಿಯ ಹನ್ನೊಂದನೆಯ ನಂಬರಿನ ಅಂಗಿಯ ವಿಚಾರದಲ್ಲಿ ಆಗಿನ್ನೂ ತೋರಿಸಿರಲಿಲ್ಲ. ಶಿವಶಕ್ತಿಗೆ 2023ರ ಆ ಎಂಟು ಪಂದ್ಯಗಳ ನಂತರ ಅಷ್ಟೇ ನಿರಂತರ ಅವಕಾಶ ಸಿಗಲಿಲ್ಲ. ಮುಂದಿನ ಸಾಲಿನ ಭಾರವನ್ನು ಪ್ರತಿ ಬೇಸಿಗೆಯಲ್ಲೂ ಹೊಸ ವಿದೇಶಿ ಆಟಗಾರರಿಗೆ ವಹಿಸಿದ್ದೇ ಹೆಚ್ಚು. ಸಾಧ್ಯವಿಲ್ಲ ಎಂದೇನಿಲ್ಲ. ಮಾರ್ಚ್ 29ರಂದು ಪ್ಲೇ ಆಫ್‌ನಲ್ಲಿ ಮುಂಬೈ ಸಿಟಿಯನ್ನು 5–0ಯಿಂದ ಸೋಲಿಸಿದಾಗ ಐದು ಗೋಲುಗಳನ್ನು ಐವರು ಹೊಡೆದರು: ಸುರೇಶ್ ವಾಂಗ್ಜಮ್, ಮೆಂಡೆಜ್, ರಯಾನ್ ವಿಲಿಯಮ್ಸ್, ಚೆಟ್ರಿ, ಪೆರೇರಾ ಡಿಯಾಜ್. ಭಾರ ಹಂಚಿಕೊಂಡ ದಿನ ತಂಡ ಹೇಗೆ ಕಾಣುತ್ತದೆ ಎಂದು ತಿಳಿಯಬೇಕಾದವರು ಆ ಪಂದ್ಯವನ್ನು ಇನ್ನೊಮ್ಮೆ ನೋಡಬೇಕು.

ಇನ್ನು ಭಾರತೀಯ ಕೋಚ್ ಪ್ರಶ್ನೆ. 2025ರ ಆಗಸ್ಟ್ 1ರಂದು ಖಾಲಿದ್ ಜಮೀಲ್ ರಾಷ್ಟ್ರೀಯ ತಂಡದ ಕೋಚ್ ಆಗಿ ನೇಮಕಗೊಂಡರು. 2016–17ರಲ್ಲಿ ಐಜೋಲ್‌ನಂಥ ಪುಟ್ಟ ಊರಿನ ತಂಡಕ್ಕೆ ಐ-ಲೀಗ್ ಗೆದ್ದುಕೊಟ್ಟವರು ಅವರು. ಐಎಸ್‌ಎಲ್‌ನಲ್ಲಿ ಮೊದಲು ತಾತ್ಕಾಲಿಕ ಹೊಣೆಗಾರಿಕೆಯಿಂದಲೇ ದುಡಿದು ಮೇಲೆ ಬಂದವರು. ಬಿಎಫ್‌ಸಿಯಲ್ಲಿ ಮೂಸಾ ತಾತ್ಕಾಲಿಕರಾಗಿದ್ದರು, ರೆನೆಡಿ ಸಿಂಗ್ 2025ರಲ್ಲಿ ಸಹಾಯಕರಾಗಿದ್ದರು. ಪೂರ್ಣಾವಧಿಯ ಕುರ್ಚಿ ಆ ಹನ್ನೆರಡು ವರ್ಷಗಳಲ್ಲಿ ಒಬ್ಬ ಭಾರತೀಯರಿಗೂ ಸಿಕ್ಕಿರಲಿಲ್ಲ. ಪಾಸ್‌ಪೋರ್ಟಿನ ಬಣ್ಣ ನೋಡಿ ಕೋಚ್ ಆರಿಸಬೇಕೆಂದು ನಾನು ಹೇಳುವುದಿಲ್ಲ. ಆದರೆ ಸಹಾಯಕನನ್ನು ಬೆಳೆಸಿ ಕೋಚ್ ಮಾಡಿದ್ದೇ ಈ ಕ್ಲಬ್‌ಗೆ ಕಪ್ ತಂದಿರುವಾಗ, ಆ ದಾರಿ ಸ್ಪೇನ್‌ನವರಿಗೆ ಮಾತ್ರ ಏಕೆ ತೆರೆದಿರಬೇಕು? ಹಣ ಬಿಗಿಯಾಗಲಿರುವ ದಿನಗಳಲ್ಲಿ ಈ ಪ್ರಶ್ನೆಯನ್ನು ಕ್ಲಬ್ ಹೇಗೂ ಎದುರಿಸಲೇಬೇಕು. ತರಾತುರಿಯಲ್ಲಿ ಎದುರಿಸುವುದಕ್ಕಿಂತ ಈಗಲೇ ತಯಾರಾಗುವುದು ಲೇಸು.

2025–26ರ ಋತುವಿನಲ್ಲಿ ಏನು ನಿರೀಕ್ಷಿಸಬಹುದಿತ್ತು? ಲೀಗ್ ತಡವಾಗಿ ಶುರುವಾದರೆ ಪಂದ್ಯಗಳ ಸಂಖ್ಯೆ ಕಡಿಮೆಯಾಗುವುದು ಬಹುತೇಕ ಖಚಿತವಾಗಿತ್ತು. ಬೇಸಿಗೆಗೆ ಮುನ್ನ ಎಲ್ಲವನ್ನೂ ಮುಗಿಸಬೇಕಲ್ಲ. ಇಲ್ಲೇ ಅಪಾಯವಿರುವುದು. 2022–23ರಲ್ಲಿ ಕೆಟ್ಟ ಆರಂಭವನ್ನು ಸರಿಪಡಿಸಿಕೊಳ್ಳಲು ಗ್ರೇಸನ್ ಅವರಿಗೆ 20 ಪಂದ್ಯಗಳ ಲೀಗ್ ಇತ್ತು. ಅದರಲ್ಲಿ 8 ಪಂದ್ಯ ಸೋತರೂ ನಾಲ್ಕನೆಯ ಸ್ಥಾನ ಸಿಕ್ಕಿತು. ಗಿಡ್ಡ ಲೀಗ್‌ನಲ್ಲಿ ಮೊದಲ ಐದು ಪಂದ್ಯಗಳಲ್ಲಿ ಎಡವಿದವರಿಗೆ ಮೇಲೇಳಲು ಮೈದಾನವೇ ಉಳಿದಿರುವುದಿಲ್ಲ. ಇನ್ನೊಂದು ಕಡೆ, ಅದೇ ಕೋಚ್, ಬಹುಪಾಲು ಅದೇ ಆಟಗಾರರು ಉಳಿದ ತಂಡಕ್ಕೆ ಮೊದಲ ದಿನದಿಂದಲೇ ಒಬ್ಬರ ಕಾಲು ಇನ್ನೊಬ್ಬರಿಗೆ ಗೊತ್ತಿರುತ್ತದೆ. ಬಿಎಫ್‌ಸಿ ಆ ಬಿಡುವಿನಲ್ಲಿ ಝರಗೋಜಾ ಅವರನ್ನೂ ತಂಡದ ಬೆನ್ನೆಲುಬನ್ನೂ ಉಳಿಸಿಕೊಂಡರೆ, ಗಿಡ್ಡ ಋತುವೇ ಅದಕ್ಕೆ ಅನುಕೂಲವಾಗಬಹುದಿತ್ತು. ಕಾಪಾಡಿಕೊಳ್ಳಲಾಗದೆ ಅರ್ಧ ತಂಡ ಚದುರಿದರೆ, ಮೊದಲ ನಾಲ್ಕರ ಮಾತು ಬಿಡಿ, 2023–24 ಮರುಕಳಿಸಿದರೂ ಆಶ್ಚರ್ಯವಿಲ್ಲ. ಸಂಬಳವಿಲ್ಲದ ತಿಂಗಳುಗಳು ಎಷ್ಟು ಉದ್ದವಾಗುತ್ತವೆ ಎಂಬುದರ ಮೇಲೆ ಇದೆಲ್ಲ ನಿಂತಿತ್ತು, ಯಾವ ತಂತ್ರದ ಮೇಲೂ ಅಲ್ಲ.

ಅದಕ್ಕೆ ಮೊದಲು ಸೂಪರ್ ಕಪ್. 2025ರ ಏಪ್ರಿಲ್‌ನಲ್ಲಿ ಭುವನೇಶ್ವರದ ಸೂಪರ್ ಕಪ್‌ನಲ್ಲಿ, ಐಎಸ್‌ಎಲ್ ಫೈನಲ್‌ನ ಗಾಯ ಆರುವ ಮುನ್ನವೇ, ಮೊದಲ ಪಂದ್ಯದಲ್ಲೇ ಇಂಟರ್ ಕಾಶಿ ಎದುರು ಪೆನಾಲ್ಟಿ ಶೂಟೌಟ್‌ನಲ್ಲಿ ಸೋತು ಮನೆಗೆ ಬಂದೆವು. ಮುಂದಿನ ಸಲ ಝರಗೋಜಾ ಆ ಟೂರ್ನಿಯನ್ನು ಕಪ್‌ಗಾಗಿ ಮಾತ್ರ ಆಡಿಸಬಾರದು ಎಂಬುದು ಆಗ ನನ್ನ ಕೋರಿಕೆಯಾಗಿತ್ತು. ವಿನೀತ್‌ಗೆ, ಶಿವಶಕ್ತಿಗೆ ತೊಂಬತ್ತು ನಿಮಿಷಗಳ ಪಂದ್ಯಗಳನ್ನು ಕೊಡಲಿ. ಎರಡು ಅವಕಾಶ ಕೈಚೆಲ್ಲಿದ ಮೇಲೂ ಅವರನ್ನು ಮೈದಾನದಲ್ಲೇ ಬಿಡಲಿ. ಹಿಂದೆ ಬಿದ್ದಿರುವ ಪಂದ್ಯದ 70ನೇ ನಿಮಿಷದಲ್ಲಿ ಗೋಲು ಬೇಕಾದಾಗ ಬೆಂಚಿನ ಕಡೆ ತಿರುಗಿ ನೋಡದೆ ಆಡುವುದು ಹೇಗೆಂದು ಆ ಹುಡುಗರು ಕಲಿಯುವುದು ಅಲ್ಲೇ.

ಆ ತಿಂಗಳ ಒಂದು ಭಾನುವಾರ ಅಕ್ಕನ ಮಗ ಮೈಸೂರಿಗೆ ಬಂದಿದ್ದ. ಸಂಜೆ ಅರಮನೆಯ ಕಡೆ ಹೋಗಿ ಆನೆಗಳನ್ನು ನೋಡಿದೆವು. ಅಭಿಮನ್ಯುವನ್ನು ನೋಡಲು ಜನ ಮುಗಿಬಿದ್ದಿದ್ದರು. ಹುಡುಗ ಅಲ್ಲಿ ನಿಲ್ಲದೆ ಸ್ವಲ್ಪ ಆಚೆ, ಬಿದಿರ ನೆರಳಿನಲ್ಲಿ ಸೊಪ್ಪು ತಿನ್ನುತ್ತಿದ್ದ ಎಳೆಯ ಗಂಡಾನೆಯ ಮುಂದೆ ಹೋಗಿ ನಿಂತ. ‘ಮಾವ, ಇದರ ಹೆಸರೇನು?’ ಎಂದು ಕೇಳಿದ. ನನಗೆ ಗೊತ್ತಿರಲಿಲ್ಲ. ಪಕ್ಕದಲ್ಲಿದ್ದ ಕಾವಾಡಿಯನ್ನು ಕೇಳಿ ತಿಳಿದುಕೊಂಡು ಬಂದೆವು.